ಬಾಣಂತಿ ವಾರ್ಡಿಗೆ ತಂಪು ಬಂದ ಬೇಸಿಗೆ

ಕಳೆದ ಗುರುವಾರ ಸಂಜೆ ರಾಯಚೂರಿನ ತೀನ್ ಕಂದೀಲ್ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ಕೂತಿದ್ದೆ. ತಂಗಿಯ ಮಗಳ ಸೀರೆಗೆ ಜೋಡಿಯಾಗುವ ಬ್ಲೌಸ್ ಪೀಸು ಸಿಗದೆ ಅಂಗಡಿಯವನೂ ನಾನೂ ಇಬ್ಬರೂ ಬೇಸತ್ತಿದ್ದ ಹೊತ್ತು. ಆಗ ಲೋಬಾನದ ಫಕೀರ ಒಳಗೆ ಬಂದ. ಗುರುವಾರ ಬಂತೆಂದರೆ ಕೆಂಡದ ಮೇಲೆ ಲೋಬಾನ ಉದುರಿಸಿ, ನವಿಲುಗರಿಯಿಂದ ಹೊಗೆ ಬೀಸಿ, ದುವಾ ಹೇಳಿ ಅಂಗಡಿಯಿಂದ ಅಂಗಡಿಗೆ ಹೋಗುವುದು ಈ ಬಜಾರಿನಲ್ಲಿ ಮೊದಲಿನಿಂದ ಬಂದ ರೂಢಿ. ಅಂಗಡಿಯವರು ಯಾವ ಜಾತಿಯವರಾದರೂ ಗಲ್ಲಾಪೆಟ್ಟಿಗೆಗೊಂದಿಷ್ಟು ಹೊಗೆ ತಾಗಿಸಿಕೊಳ್ಳುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ ನಿಂತರು. ನಾನು ಮಾತ್ರ ಗೋಡೆಯ ಮೇಲಿದ್ದ ಏಸಿ ನೋಡಿದೆ, ನೆಲ ನೋಡಿದೆ, ಫಕೀರನ ಕೈಯಲ್ಲಿದ್ದ ಕೆಂಡ ನೋಡಿದೆ.

"ಇದು ಯಾವ ಗ್ಯಾಸಿನ ಏಸಿ ರೀ?" ಅಂದೆ.

ಅಂಗಡಿಯವನು ಕಣ್ಣು ಬಿಟ್ಟ. "ಅಕ್ಕಾರ, ನೀವು ಬ್ಲೌಸ್ ಪೀಸ್ ತಗೊಳ್ಳಾಕ ಬಂದೀರೋ, ಏಸಿ ತಗೊಳ್ಳಾಕ ಬಂದೀರೋ?"

ನನಗೂ ನಗು ಬಂತು. ಏನು ಮಾಡುವುದು, ಮೂರು ಬೇಸಿಗೆಯ ಹಿಂದೆ ದೇವದುರ್ಗದಲ್ಲಿ ಕಲಿತ ಹೆದರಿಕೆ ಇನ್ನೂ ಬಿಟ್ಟಿಲ್ಲ. ಹೆದರಿಕೆಯ ಜೊತೆಗೇ ಕಲಿತದ್ದು ಇನ್ನೂ ಒಂದಿದೆ. ಕೆಲವರ ಋಣ ಮೈಮೇಲೆ ಇದ್ದರೆ ಭಾರ ಅನ್ನಿಸುವುದಿಲ್ಲ, ಹಗುರ ಅನ್ನಿಸುತ್ತದೆ. ಲೋಬಾನದ ವಾಸನೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ಅಂಥ ಇಬ್ಬರು ಮೂವರು ನೆನಪಾಗುತ್ತಾರೆ.

ಆಗ ನಾನು ದೇವದುರ್ಗದ ಒಂದು ಸಣ್ಣ ಹೆರಿಗೆ ದವಾಖಾನೆಯಲ್ಲಿ ನರ್ಸು. ನನ್ನೂರು ಮಾನ್ವಿ ಕಡೆಯ ಕುರ್ಡಿ. ಬಿಸಿಲೆಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಆದರೂ ಆ ದವಾಖಾನೆಯ ಬಾಣಂತಿ ವಾರ್ಡಿನ ಬಿಸಿ ಬೇರೆಯೇ ಜಾತಿಯದು. ಮೇಲೆ ತೆಳ್ಳನೆಯ ಸ್ಲ್ಯಾಬು, ಪಡುವಲಕ್ಕೆ ದೊಡ್ಡ ಕಿಟಕಿ. ಮಧ್ಯಾಹ್ನ ಮೂರಕ್ಕೆ ಮಂಚದ ಕಬ್ಬಿಣ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತಿತ್ತು. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಹುಟ್ಟಿ ಎರಡು ದಿನದ ಕೂಸಿಗೆ ಬೆವರಲಿಕ್ಕೂ ಸರಿಯಾಗಿ ಬರುವುದಿಲ್ಲ. ಮೈ ಕಾದು, ಬಾಯಿ ಒಣಗಿ, ಹಾಲು ಕುಡಿಯುವುದನ್ನೇ ಬಿಟ್ಟು ಸುಮ್ಮನೆ ಬಿದ್ದುಕೊಳ್ಳುತ್ತದೆ. ಅಳುವ ಕೂಸು ನಮಗೆ ಹೆದರಿಕೆ ಅಲ್ಲ, ಹೀಗೆ ಸುಮ್ಮನಾಗುವ ಕೂಸೇ ಹೆದರಿಕೆ.

ವಾರ್ಡಿನಲ್ಲಿ ಒಂದು ಹಳೆ ಏಸಿ ಇತ್ತು. ಅದಕ್ಕೂ ನಮ್ಮೂರ ಹಳ್ಳಕ್ಕೂ ವ್ಯತ್ಯಾಸವಿರಲಿಲ್ಲ, ಬೇಸಿಗೆ ಬಂತೆಂದರೆ ಖಾಲಿ. ಪ್ರತಿ ಸಲ ರಾಯಚೂರಿನಿಂದ ಮೆಕ್ಯಾನಿಕ್ ಮೈಬೂಬ್ ಭಾಯ್ ಬರುತ್ತಿದ್ದರು. ಐವತ್ತು ದಾಟಿದ ವಯಸ್ಸು, ಮೆಹಂದಿ ಹಚ್ಚಿದ ಗಡ್ಡ, ಮಾತು ಮಾತ್ರ ಇಪ್ಪತ್ತರ ಹುಡುಗನದು. ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು, ಬಾಯಿ ಒರೆಸಿಕೊಳ್ಳುತ್ತ ಒಳಗೆ ಬಂದು, "ಈ ಜಿಲ್ಲಾದಾಗ ನನ್ನ ಕೈ ಮುಟ್ಟಲಾರದ ಏಸಿ ಇಲ್ಲ ಸಿಸ್ಟರ್" ಎಂದು ಶುರು ಮಾಡುತ್ತಿದ್ದರು. ನಿಮ್ಮ ಕೈ ಮುಟ್ಟಿದ್ದಕ್ಕೇ ಹೀಗೆ ಸೋರುತ್ತದೇನೋ ಅಂದರೆ ಜೋರಾಗಿ ನಗುತ್ತಿದ್ದರು.

ಆ ವರ್ಷ ಅವರು ಹೊಸ ಗ್ಯಾಸು ತುಂಬುವ ಮುಂಚೆ ಪೈಪು ಬಿಚ್ಚಿ ಉಳಿದದ್ದನ್ನು ಸುಯ್ ಎಂದು ಹೊರಗೆ ಬಿಡುವಾಗ ನಮ್ಮ ಡಾಕ್ಟರಮ್ಮ ಅಲ್ಲೇ ನಿಂತಿದ್ದರು. ದವಾಖಾನೆ ಅವರದೇ. ಕಡಿಮೆ ಮಾತಿನ, ಹೆಚ್ಚು ಹಟದ ಹೆಂಗಸು.

"ಈಗ ಬಿಟ್ಟದ್ದು ಎಲ್ಲಿಗೆ ಹೋತು ಮೈಬೂಬ್ ಭಾಯ್?"

"ಮ್ಯಾಲ ಹೋತ್ರಿ ಮೇಡಂ. ಗಾಳಿಗೆ ಗಾಳಿ."

"ಮ್ಯಾಲ ಹೋಗಿ ಏನು ಮಾಡತದ ಅಂತ ನಿಮಗೂ ಗೊತ್ತದ, ನನಗೂ ಗೊತ್ತದ."

ಮೈಬೂಬ್ ಭಾಯ್ ಪೈಪಿನ ಬಾಯಿ ಒರೆಸತೊಡಗಿದರು. ಗೊತ್ತಿತ್ತು ಅವರಿಗೆ. ಈ ಹಳೆ ಗ್ಯಾಸು ಆಕಾಶಕ್ಕೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದಂತೆ ಕಾವು ಹಿಡಿದಿಡುತ್ತದೆ, ಒಲೆಯ ಹೊಗೆಗಿಂತ ಎಷ್ಟೋ ಪಟ್ಟು ಜಾಸ್ತಿ ಎಂದು ಹೈದರಾಬಾದಿನಲ್ಲಿ ಒಂದು ತರಬೇತಿಯಲ್ಲಿ ಕೇಳಿ ಬಂದಿದ್ದರು. ಡಾಕ್ಟರಮ್ಮ ಮಂಚದ ಮೇಲಿನ ಒಂದು ಕೂಸನ್ನು ತೋರಿಸಿ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ಈಕಿಗೆ ಇವತ್ತು ತಂಪು ಮಾಡಾಕ ಹೋಗಿ, ಈಕಿ ದೊಡ್ಡಾಕಿ ಆದ ಮ್ಯಾಲ ಇರೋ ಊರಿಗೆ ನಾವ ಉರಿ ಹಚ್ಚೋದೇನು? ಬ್ಯಾರೆ ಏನರ ಇದ್ರ ಹೇಳ್ರಿ."

ಬೇರೆ ಇತ್ತು. ಪ್ರೊಪೇನ್ ಗ್ಯಾಸಿನ ಏಸಿ. ಮೆಕ್ಯಾನಿಕ್‌ಗಳ ಬಾಯಲ್ಲಿ ಟೂ ನೈಂಟಿ. ಆಕಾಶಕ್ಕೆ ಅದರಿಂದ ಹೆಚ್ಚಿನ ತಕರಾರಿಲ್ಲ, ಕರೆಂಟೂ ಕಡಿಮೆ ತಿನ್ನುತ್ತದೆ. ಒಂದೇ ತೊಡಕು, ಅದು ಅಡಿಗೆ ಗ್ಯಾಸಿನ ಖಾಸ ತಮ್ಮ. ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ.

ಮೈಬೂಬ್ ಭಾಯ್ ಮೊದಲು ಕೈ ಮುಗಿದರು. "ಮೇಡಂ, ಆಫೀಸಿಗೆ ಹಾಕಸ್ರಿ, ಬ್ಯಾಂಕಿಗೆ ಹಾಕಸ್ರಿ. ಬಾಣಂತ್ಯಾರ ಕೋಣಿಗೆ ಬ್ಯಾಡ." ಆಮೇಲೆ ಡಾಕ್ಟರಮ್ಮನ ಹಟಕ್ಕೆ ಸೋತು, ಸೋತದ್ದು ಗೊತ್ತಾಗಬಾರದೆಂದು ಎಲ್ಲದಕ್ಕೂ ತಾವೇ ಶರತ್ತು ಹಾಕಿದರು. ಮಿಷಿನ್ನಿನೊಳಗೆ ಗ್ಯಾಸು ಇರುವುದೇ ಸ್ವಲ್ಪ, ಆದರೆ ಕೋಣೆಯ ಅಳತೆಗೆ ಇಷ್ಟೇ ಇರಬೇಕೆಂಬ ಕಟ್ಟಳೆ ಇದೆ. ಹಾಗಾಗಿ ದೊಡ್ಡ ಮಿಷಿನ್ನು ಹಾಕುವಂತಿಲ್ಲ. ಸಣ್ಣದು ಸಾಕಾಗಬೇಕಾದರೆ ಕೋಣೆಯ ಕಾವೇ ಇಳಿಯಬೇಕು. ಹೀಗಾಗಿ ಮಾಳಿಗೆಗೆ ದಪ್ಪಗೆ ಸುಣ್ಣ ಬಳಿಸಿದೆವು. ಪಡುವಲ ಕಿಟಕಿಗೆ ಬಿದಿರಿನ ಚೌಕಟ್ಟು ಮಾಡಿ ಆಪು ಹುಲ್ಲಿನ ಚಾಪೆ ಕಟ್ಟಿದ ತಟ್ಟಿ ನಿಲ್ಲಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿದೆವು. ಹಳೆ ಏಸಿಯ ಗ್ಯಾಸನ್ನು ಈ ಸಲ ಗಾಳಿಗೆ ಬಿಡದೆ ಮೈಬೂಬ್ ಭಾಯ್ ಸಿಲಿಂಡರಿಗೆ ಎಳೆದುಕೊಂಡು, ಕೂಸನ್ನು ಹೊತ್ತುಕೊಂಡಂತೆ ಬಗಲಲ್ಲಿ ಇಟ್ಟುಕೊಂಡು ಬಸ್ ಹತ್ತಿದರು.

ಹೋಗುವ ಮುಂಚೆ ನನ್ನನ್ನು ನಿಲ್ಲಿಸಿ ಪಾಠ ಹೇಳಿದ್ದರು. "ಇದು ಸೋರಿದ್ರ ಮ್ಯಾಲ ಹೋಗಂಗಿಲ್ಲ ಸಿಸ್ಟರ್, ಗಾಳಿಗಿಂತ ಭಾರ. ಕೆಳಗ ಇಳೀತದ, ನೆಲಕ್ಕ ಕೂಡತದ. ಅಡಗಿ ಗ್ಯಾಸಿನಂಗ ವಾಸನೀನೂ ಬರಂಗಿಲ್ಲ. ಅದಕ್ಕ ಇದನ್ನ ಇಲ್ಲಿ ಹಚ್ಚೀನಿ." ಗೋಡೆಯ ಬುಡದಲ್ಲಿ, ಮೊಣಕಾಲಿಗಿಂತ ಕೆಳಗೆ, ಅಡಿಗೆಮನೆಯಲ್ಲಿ ಗ್ಯಾಸು ಸೋರಿದರೆ ಕೂಗುವಂಥ ಒಂದು ಪೆಟ್ಟಿಗೆ ಕೂಡಿಸಿದ್ದರು. "ಇದು ಕೂಗಿದ್ರ ಮಿಷಿನ್ನಿನ ಕಡೆ ನೋಡಬ್ಯಾಡ್ರಿ. ಬೆಂಕಿ ಎಲ್ಲೈತಿ ನೋಡ್ರಿ."

ಪೆಟ್ಟಿಗೆ ಕೂಗಿತು, ಮೊದಲ ದಿನವೇ. ನಾನು ಎದೆ ಹಿಡಿದುಕೊಂಡು ಓಡಾಡಿದ ಮೇಲೆ ಗೊತ್ತಾಯಿತು, ಇಂಜೆಕ್ಷನ್ನಿಗೆ ಹತ್ತಿಯಲ್ಲಿ ಸ್ಪಿರಿಟ್ ತಗೊಂಡರೆ ಅದಕ್ಕೂ ಆ ಪೆಟ್ಟಿಗೆಗೆ ಮುನಿಸು. ಎರಡು ವಾರದೊಳಗೆ ಇಡೀ ವಾರ್ಡಿಗೆ ಅದರ ಕೂಗು ಅಭ್ಯಾಸವಾಗಿ ಹೋಯಿತು.

ಆದರೆ ತಂಪು ಬಂತು. ಹಲ್ಲು ಕಟಕಟ ಅನ್ನಿಸುವ ತಂಪಲ್ಲ, ಹೊಂಗೆ ಗಿಡದ ಕೆಳಗೆ ಕೂತಂಥ ತಂಪು. ಕೂಸುಗಳು ಹಾಲು ಕುಡಿದು ಮಲಗಿದವು. ನಾನು ಆ ತಿಂಗಳು ಮೊದಲ ಸಲ ಮಧ್ಯಾಹ್ನ ಮೂರರ ಹೊತ್ತಿಗೆ ಹೆದರಿಕೆ ಇಲ್ಲದೆ ವಾರ್ಡಿಗೆ ಹೋದೆ.

ಮೇ ತಿಂಗಳು ಶುರುವಾದ ಮೇಲೆ ಮಸರಕಲ್‌ನಿಂದ ದೇವಕ್ಕ ಹೆರಿಗೆಗೆ ಬಂದಳು. ಜೊತೆಗೆ ಆಕೆಯ ತಾಯಿ ಹುಲಿಗೆವ್ವ. ಭತ್ತದ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ತೆಗೆದು, ಹತ್ತಿ ಬಿಡಿಸಿ ಗಟ್ಟಿಯಾದ ಮೈ. ಹಣೆ ತುಂಬ ಕುಂಕುಮ, ಮಾತು ಅಳುಕಿಲ್ಲದ ನೇರ. ದೇವಕ್ಕನಿಗೆ ಹಿಂದೆ ಒಂದು ಕೂಸು ಹೋಗಿತ್ತು, ಬೇಸಿಗೆಯಲ್ಲೇ ಹುಟ್ಟಿ, ಮನೆಯಲ್ಲಿ ತಗಡಿನ ಕೆಳಗೆ ಜ್ವರ ಬಂದು. ಈ ಸಲ ಹುಟ್ಟಿದ್ದು ಹೆಣ್ಣು, ದಿನ ತುಂಬುವ ಮುಂಚೆಯೇ ಬಂದದ್ದು. ಅಂಗೈ ಮೇಲೆ ಇಟ್ಟರೆ ಇನ್ನೂ ಜಾಗ ಉಳಿಯುತ್ತಿತ್ತು. ಡಾಕ್ಟರಮ್ಮ ನೋಡಿ, ತೂಕ ಹಿಡಿಯುವ ತನಕ ಇಲ್ಲೇ ಇರಲಿ, ಈ ಬಿಸಿಲಲ್ಲಿ ಊರಿಗೆ ಕಳಿಸಿದರೆ ನಾನು ಜವಾಬ್ದಾರಳಲ್ಲ ಎಂದು ಖಡಾಖಂಡಿತ ಹೇಳಿದರು.

ಹುಲಿಗೆವ್ವ ವಾರ್ಡಿಗೆ ಕಾಲಿಟ್ಟವಳೇ ಸೆರಗನ್ನು ಕಿವಿಗೆ ಸುತ್ತಿಕೊಂಡಳು.

"ಏನಬೇ ಇದು, ಬಾಣಂತಿ ಮಲಗೋ ಜಾಗಾನೋ, ಐಸ್ ಮಾರೋ ಅಂಗಡೀನೋ? ನನ್ನ ಮಗಳಿಗೆ ಥಂಡಿ ಹತ್ತತದ. ಕೂಸಿಗಂತೂ ಕೇಳಬ್ಯಾಡ್ರಿ."

ನಮ್ಮ ಕಡೆ ಬಾಣಂತಿಗೆ ಮೊದಲ ಶತ್ರು ಗಾಳಿ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಮಂಚದ ಕೆಳಗೆ ಕೆಂಡ. ತಾಯಿಗೂ ಕೂಸಿಗೂ ಎರೆದ ಮೇಲೆ ಕೆಂಡಕ್ಕೆ ಲೋಬಾನ, ಅಜವಾನ ಹಾಕಿ ಹೊಗೆ ಕೊಡುವುದು. ನನಗೂ ನನ್ನ ತಾಯಿ ಮಾಡಿದ್ದಾಳೆ, ಬೇಡ ಅನ್ನಲಿಕ್ಕೆ ನಾನ್ಯಾರು. ಆದರೆ ಆ ವಾರ್ಡಿನಲ್ಲಿ ಬೆಂಕಿ ಕೂಡದು. ಯಾಕೆ ಕೂಡದು ಎಂಬುದನ್ನೂ ಮುಚ್ಚಿಡದೆ ಎಲ್ಲರಿಗೂ ಹೇಳಬೇಕೆಂದು ಡಾಕ್ಟರಮ್ಮನ ಅಪ್ಪಣೆಯಾಗಿತ್ತು. ಹೇಳಿದೆ.

"ಯವ್ವಾ, ಆ ಮಿಷಿನ್ನಿನಾಗ ಅಡಗಿ ಗ್ಯಾಸಿನಂಥಾ ಗ್ಯಾಸ್ ಅದ. ಅದಕ್ಕ ಒಳಗ ಬೆಂಕಿ ತರಬ್ಯಾಡ್ರಿ."

"ಅಯ್ಯ ನನ್ನ ಶಿವನೇ! ನನ್ನ ಮಗಳನ್ನ ಸಿಲಿಂಡರ್ ಕೆಳಗ ಮಲಗಸೀರೇನು?"

"ನಿಮ್ಮ ಮನ್ಯಾಗ ಸಿಲಿಂಡರ್ ಇಲ್ಲೇನು?"

"ಅದ. ಅದರ ಕೆಳಗ ಯಾರೂ ಮಲಗಂಗಿಲ್ಲ."

ಸಂಜೆಯೊಳಗೆ ಆಕೆ ಗಂಟು ಕಟ್ಟಿದಳು, ಊರಿಗೆ ಹೋಗುವುದೇ ಸೈ ಎಂದಳು. ದೇವಕ್ಕ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಆಕೆಗೆ ತಗಡಿನ ಮನೆಯೂ ನೆನಪಿತ್ತು, ಹೋದ ಕೂಸೂ ನೆನಪಿತ್ತು. ತಾಯಿಗೆ ಎದುರು ಆಡುವ ಹೆಣ್ಣಲ್ಲ ಆಕೆ.

ಡಾಕ್ಟರಮ್ಮ ಬಂದು ಹುಲಿಗೆವ್ವನ ಎದುರಿಗೆ ನೆಲದ ಮೇಲೆಯೇ ಕೂತರು. "ನೀವು ಹೇಳೋದು ಅರ್ಧ ಖರೆ ಅದ. ಸಣ್ಣ ಕೂಸಿಗೆ ಬೆಚ್ಚಗ ಬೇಕು. ಬೆಂಕೀ ಬೆಚ್ಚಗ ಬ್ಯಾಡ, ನಿಮ್ಮ ಮೈ ಬೆಚ್ಚಗ ಕೊಡ್ರಿ. ತಾಯಿ ಎದಿ ಮ್ಯಾಲ ಹಾಕ್ಕೊಳ್ಳಲಿ, ಆಕಿಗೆ ಬ್ಯಾಸರಾದಾಗ ನೀವು ಹಾಕ್ಕೊಳ್ರಿ. ಹೊರಗಿನ ಬಿಸಿ ಮಾತ್ರ ಕೂಸಿಗೆ ಆಗಂಗಿಲ್ಲ." ನಾನೂ ನಡುವೆ ಬಾಯಿ ಹಾಕಿದೆ. ಹಿಂದಿನ ಪಡಸಾಲೆಯ ಆಚೆ ಬೇವಿನ ಗಿಡದ ಕೆಳಗೆ ಮೂರು ಕಲ್ಲು ಹೂಡಿ ಕೊಡುತ್ತೇನೆ, ಬೇಕಾದಷ್ಟು ಲೋಬಾನ ಹಾಕಿಕೊಳ್ಳಿ, ತಾಯಿಗೆ ಹೊಗೆ ಕೊಡಿ, ಕೂಸಿಗೆ ಬರೀ ವಾಸನೆ ತೋರಿಸಿ ಕರೆದುಕೊಂಡು ಬನ್ನಿ ಎಂದೆ.

ಹುಲಿಗೆವ್ವ ಮಗಳ ಕಡೆ ನೋಡಿದಳು. ಆಮೇಲೆ ಗಂಟು ಬಿಚ್ಚಿದಳು. "ಇರತೀನಿ. ನಿಮ್ಮ ಮಿಷಿನ್ನಿಗಲ್ಲ, ನನ್ನ ಮಗಳ ಕಣ್ಣೀರಿಗೆ."

ಹೀಗೆ ಒಂದು ಒಪ್ಪಂದವಾಯಿತು. ದಿನಾ ಬೆಳಿಗ್ಗೆಯೂ ಮಧ್ಯಾಹ್ನವೂ ಬೇವಿನ ಗಿಡದ ಕೆಳಗೆ ಬಳ್ಳಾರಿ ಜಾಲಿಯ ಕಟ್ಟಿಗೆ ಉರಿದು ಕೆಂಡವಾಗುತ್ತಿತ್ತು. ಕೂಸು ಅಜ್ಜಿಯ ಕುಪ್ಪಸದೊಳಗೆ ಬೆಕ್ಕಿನ ಮರಿಯಂತೆ ಮಲಗುತ್ತಿತ್ತು. ಹುಲಿಗೆವ್ವ ಏಸಿಯನ್ನು ಬೈಯುತ್ತ, ಅದರ ಕೆಳಗೇ ತೂಕಡಿಸುತ್ತ ದಿನ ಕಳೆದಳು. ಗೋಡೆ ಬುಡದ ಪೆಟ್ಟಿಗೆ ಕೂಗಿದರೆ, "ಬಾಯಿಬಡಕಿ ಮತ್ತ ಶುರು ಮಾಡಿದಳು ನೋಡ್ರಿ, ಸಿಸ್ಟರ್ ಸೂಜಿ ಹಿಡಕೊಂಡು ಬರಾಕತ್ತಾಳ" ಎಂದು ವಾರ್ಡಿಗೆಲ್ಲ ಸಾರುತ್ತಿದ್ದಳು. ಕೂಸಿನ ತೂಕ ಇಳಿಯುವುದು ನಿಂತಿತು. ಇನ್ನು ಏರುವುದೊಂದೇ ಬಾಕಿ ಎಂದು ನಾವೆಲ್ಲ ಕಾಯುತ್ತಿದ್ದೆವು.

ಆಗಲೇ ಆ ಗಾಳಿ ಬಂತು.

ಮುಂಗಾರಿಗೆ ಮುಂಚೆ ನಮ್ಮ ಕಡೆ ಬರುವ ಗಾಳಿಮಳೆಗೆ ಹೇಳಿ ಕೇಳಿ ಬರುವ ಅಭ್ಯಾಸವಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕೆಂಪು ದೂಳು ಎದ್ದು ಊರೇ ಮಸುಕಾಯಿತು, ತಗಡು ಹಾರಿದ ಸದ್ದು, ಹಿಂದೆಯೇ ದಪ್ಪ ಹನಿ. ಕರೆಂಟ್ ಹೋಯಿತು, ಏಸಿ ನಿಂತಿತು. ಇನ್ವರ್ಟರಿನಲ್ಲಿ ದೀಪ ಮತ್ತು ಆ ಪೆಟ್ಟಿಗೆ ಮಾತ್ರ. ನಾನು ಹೆರಿಗೆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳ ಬಿಪಿ ನೋಡುತ್ತಿದ್ದೆ.

ಅಷ್ಟರಲ್ಲಿ ವಾರ್ಡಿನಲ್ಲಿ ಏನೇನಾಯಿತು ಎಂಬುದು ಆಮೇಲೆ ತಿಳಿದದ್ದು. ಗಾಳಿ ಪಡುವಲ ಕಿಟಕಿಯ ತಟ್ಟಿಯನ್ನು ಕಿತ್ತೆತ್ತಿ, ಅದರ ಬಿದಿರಿನ ಚೌಕಟ್ಟನ್ನು ಏಸಿಯ ಪೈಪು ಗೋಡೆಯೊಳಗೆ ಹೋಗುವ ಜಾಗಕ್ಕೆ ಬಡಿದಿತ್ತು. ಪೈಪು ಜಗ್ಗಿ ಒಳಗಿನ ಜೋಡಣೆ ಸಡಿಲಾಗಿತ್ತು. ಇತ್ತ ತಂಗಾಳಿಗೆ ಕೂಸಿನ ಕಾಲು ತಣ್ಣಗಾದವು. ಹುಲಿಗೆವ್ವ ಮೇಲೆ ನೋಡಿದಳು, ಮಿಷಿನ್ನಿನ ದೀಪ ಆರಿತ್ತು. ಒಲೆಯ ಗುಂಡಿ ತಿರುವಿದರೆ ಗ್ಯಾಸು ಬಂದ್ ಆಗುತ್ತದಲ್ಲ, ಇದೂ ಹಾಗೇ ಬಂದ್ ಆಯಿತು ಎಂದುಕೊಂಡಳು. ಯಾರು ಬೇಕಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಆದರೆ ಮಿಷಿನ್ನು ನಿಂತರೂ ಗ್ಯಾಸು ಪೈಪಿನಲ್ಲೇ ಇರುತ್ತದೆ, ಸಡಿಲಾದ ಜೋಡಣೆಯಿಂದ ಸೋರುತ್ತಲೇ ಇತ್ತು. ಮಳೆಗೆ ಆರಿ ಹೋಗುವ ಮುಂಚೆ ಬೇವಿನ ಗಿಡದ ಕೆಳಗಿನ ಕೆಂಡವನ್ನು ಕಬ್ಬಿಣದ ಬಾಣಲಿಗೆ ತುಂಬಿಕೊಂಡು, ಮೇಲೆ ಲೋಬಾನ ಉದುರಿಸಿ, ಬಟ್ಟೆಯಲ್ಲಿ ಹಿಡಿದು ಮಗಳ ಮಂಚದ ಕೆಳಗೆ ತಂದಿಟ್ಟಳು.

ಪೆಟ್ಟಿಗೆ ಕೂಗಿತು. ಯಾರು ಸ್ಪಿರಿಟ್ ಬಾಟಲಿ ತೆರೆದರೋ ಎಂದುಕೊಂಡು ನಾನು ಬಿಪಿ ಪಟ್ಟಿ ಬಿಚ್ಚುತ್ತಲೇ ಇದ್ದೆ. ಬಾಟಲಿ ನನ್ನ ಎದುರಿಗೇ ಟ್ರೇಯಲ್ಲಿ ಮುಚ್ಚಿಕೊಂಡಿತ್ತು.

ಓಡಿದೆ. ವಾರ್ಡಿನ ಮಂದ ಬೆಳಕಿನಲ್ಲಿ ಮೊದಲು ಲೋಬಾನದ ವಾಸನೆ, ಆಮೇಲೆ ಮಂಚದ ಕೆಳಗೆ ಕೆಂಪಗೆ ಕೆಂಡ. ಅದರ ಮೇಲೆ ದೇವಕ್ಕ, ಪಕ್ಕದ ಮಂಚಗಳಲ್ಲಿ ಇನ್ನಿಬ್ಬರು ಬಾಣಂತಿಯರು, ಅವರ ಕೂಸುಗಳು. ಬೆಂಕಿ ಎಲ್ಲೈತಿ ನೋಡ್ರಿ ಅಂದಿದ್ದರು ಮೈಬೂಬ್ ಭಾಯ್. ನೋಡಿದೆ. ನೋಡಿ ಕಾಲು ನೆಲಕ್ಕೆ ಅಂಟಿಕೊಂಡವು. ಬಾಯಿಂದ ಬಂದದ್ದು ಇಷ್ಟೇ. "ಯವ್ವಾ, ಬೆಂಕಿ..."

ಹುಲಿಗೆವ್ವ ನನ್ನ ಮುಖ ನೋಡಿದಳು. ಹತ್ತು ದಿನದಿಂದ ನನ್ನ ಒಂದೊಂದು ಮಾತಿಗೂ ಹತ್ತು ಮಾತು ಸೇರಿಸಿ ವಾದ ಮಾಡಿದ್ದ ಹೆಂಗಸು, ಆಗ ಯಾಕೆ ಎಂದು ಕೇಳಲಿಲ್ಲ. ಎದೆಯ ಮೇಲಿದ್ದ ಕೂಸನ್ನು ಮಗಳ ಮಡಿಲಿಗೆ ಹಾಕಿದಳು, ಬಗ್ಗಿದಳು, ಕಾದು ನಿಗಿನಿಗಿ ಅನ್ನುತ್ತಿದ್ದ ಬಾಣಲಿಯ ಎರಡೂ ಕಿವಿ ಬರಿಗೈಯಲ್ಲಿ ಹಿಡಿದು ಎತ್ತಿದಳು. ಓಡಲಿಲ್ಲ, ಓಡಿದರೆ ಕಿಡಿ ಹಾರುತ್ತಿತ್ತು. ತುಂಬಿದ ಕೊಡ ಹೊತ್ತವಳಂತೆ ಸಮನಾಗಿ ನಡೆದು, ಪಡಸಾಲೆ ದಾಟಿ, ಮಳೆಯ ನಡುವೆ ಹೋಗಿ ನಿಂತು, ಆಮೇಲೆ ಕೈಬಿಟ್ಟಳು. ಚುಯ್ ಎಂಬ ಸದ್ದು ನನಗೆ ಒಳಗಿನ ತನಕ ಕೇಳಿತು.

ಆ ಸದ್ದಿಗೆ ನನ್ನ ಕಾಲು ಬಿಟ್ಟವು. ಕಿಟಕಿ ಎಲ್ಲ ತೆರೆದೆ, ಬಾಣಂತಿಯರನ್ನು ಎಬ್ಬಿಸಿ ಡಾಕ್ಟರಮ್ಮನ ಕೋಣೆಗೆ ಸಾಗಿಸಿದೆ. ಯಾವ ಸ್ವಿಚ್ಚೂ ಮುಟ್ಟಲಿಲ್ಲ. ಅನಾಹುತ ಮಾಡಿದ ಗಾಳಿಯೇ ಒಳಗೆ ನುಗ್ಗಿ ಎಲ್ಲವನ್ನೂ ಗುಡಿಸಿಕೊಂಡು ಹೋಯಿತು. ಹುಲಿಗೆವ್ವ ಮಳೆಯಲ್ಲೇ ನಿಂತಿದ್ದಳು, ಎರಡೂ ಅಂಗೈ ಮೇಲೆ ಮಾಡಿಕೊಂಡು. ನೀರು ಬೀಳಲಿ ಎಂದು.

ಮರುದಿನ ಮೊದಲ ಬಸ್ಸಿಗೆ ಬಂದ ಮೈಬೂಬ್ ಭಾಯ್ ಆ ದಿನ ವಗ್ಗರಣಿ ತಿನ್ನಲಿಲ್ಲ, ಜಂಬ ಕೊಚ್ಚಲಿಲ್ಲ. ಸೋಪಿನ ನೊರೆ ಹಚ್ಚಿ ಜೋಡಣೆ ನೋಡಿದರು. "ಗ್ಯಾಸ್ ಕಮ್ಮಿ, ಕೋಣಿ ದೊಡ್ಡದು. ಬಹುಶಃ ಏನೂ ಆಗತಿದ್ದಿಲ್ಲ ಮೇಡಂ" ಅಂದರು. ಆಮೇಲೆ ಮಂಚದ ಕೆಳಗಿನ ನೆಲದ ಮೇಲೆ ಬಿದ್ದಿದ್ದ ಬೂದಿ ನೋಡಿ, ಮತ್ತೊಮ್ಮೆ ನೊರೆ ಹಚ್ಚಲು ಎದ್ದರು.

ಸುದ್ದಿಗೆ ಬಸ್ಸು ಬೇಕಾಗಿಲ್ಲ. ಉಳಿದ ಇಬ್ಬರು ಬಾಣಂತಿಯರ ಮನೆಯವರು ಬೆಳಿಗ್ಗೆಯೇ ಬಂದು ಕರೆದುಕೊಂಡು ಹೋದರು. ಡಾಕ್ಟರಮ್ಮನ ಮುಖ ಒಂದೇ ದಿನದಲ್ಲಿ ಇಳಿದಿತ್ತು. "ಬಿಚ್ಚಿಬಿಡ್ರಿ ಮೈಬೂಬ್ ಭಾಯ್. ನಂದೇನೋ ಹಟ. ಅದಕ್ಕ ಕೂಸುಗಳನ್ನ ಪಣಕ್ಕ ಇಡಂಗಿಲ್ಲ ನಾನು."

ಆದರೆ ಬಿಚ್ಚುವ ಮುಂಚೆಯೇ ಬಿಸಿಲು ಉತ್ತರ ಕೊಟ್ಟಿತು. ಮಳೆ ಬಂದ ಮರುದಿನದ ಬಿಸಿಲು ನಮ್ಮ ಕಡೆ ಸೇಡು ತೀರಿಸಿಕೊಳ್ಳಲು ಬಂದಂತೆ ಬರುತ್ತದೆ. ಡಾಕ್ಟರಮ್ಮನ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ದೇವಕ್ಕನ ಕೂಸಿನ ಮೈ ಕಾದಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಚಮಚದಲ್ಲಿ ಹಾಲು ಹಾಕಿದೆ. ತುಟಿಯಂಚಿನಿಂದ ಹೊರಗೆ ಹರಿಯಿತು. ಬೆಳಿಗ್ಗೆ ಕಿರಿಚಾಡಿದ್ದ ಕೂಸು ಈಗ ಸುಮ್ಮನಿತ್ತು.

ದೇವಕ್ಕ ನನ್ನ ಕೈ ಹಿಡಿದುಕೊಂಡಳು. "ಸಿಸ್ಟರ್ರೀ, ಆ ಕೂಸೂ ಹಿಂಗ ಸುಮ್ಮನಾಗಿತ್ತು."

ಹುಲಿಗೆವ್ವ ಎದ್ದಳು. ಎರಡೂ ಕೈಗೆ ಮಣಿಕಟ್ಟಿನ ತನಕ ಬಿಳಿ ಪಟ್ಟಿ. ನೇರ ವಾರ್ಡಿಗೆ ಹೋದಳು, ಹಿಂದೆ ನಾನು. ಮೈಬೂಬ್ ಭಾಯ್ ಒಳಗೆ ಪಾನಾ ಹಿಡಿದು ಬಿಚ್ಚಲೋ ಬೇಡವೋ ಎಂದು ನಿಂತಿದ್ದರು.

"ಯಪ್ಪಾ, ಖರೆ ಹೇಳು" ಅಂದಳು. "ಇದನ್ನ ಮತ್ತ ಹಂಗ ಆಗಲಾರದಂಗ ಮಾಡಾಕ ಬರತದೋ ಇಲ್ಲೋ?"

"ಬರತದ ಯಮ್ಮಾ. ಪೈಪ್ ಈ ಕಡೆ ಗ್ವಾಡಿಗೆ ತರತೀನಿ, ಮ್ಯಾಲ ಕಬ್ಬಿಣದ ಕವಚ ಹಾಕ್ತೀನಿ. ತಟ್ಟಿ ದೂರ ನಿಲ್ಲಸ್ತೀನಿ, ನೆಲಕ್ಕ ಬಿಗೀತೀನಿ. ಆದ್ರ ಒಳಗ ಬೆಂಕಿ..."

"ಬೆಂಕೀದು ನನಗ ಬಿಡು. ನಿಂದು ಹೇಳು. ನಿನ್ನ ಮೊಮ್ಮಗಳನ್ನ ಇದರ ಕೆಳಗ ಮಲಗಸ್ತೀಯೇನು?"

ಜಿಲ್ಲೆಯ ಎಲ್ಲ ಏಸಿಗಳ ಒಡೆಯರು ಸೀದಾ ಕೆಲಸಕ್ಕೆ ಕೈ ಹಚ್ಚಿದರು. ಗೋಡೆ ಕೊರೆದರು, ಪೈಪು ಹೊಸ ದಾರಿಗೆ ತಂದರು, ಒಂದೊಂದು ಜೋಡಣೆಗೂ ನೊರೆ ಹಚ್ಚಿ ಕಣ್ಣು ಅಲ್ಲೇ ಇಟ್ಟು ಕೂತರು. ಅಷ್ಟು ಹೊತ್ತೂ ನಾವು ಕೂಸಿಗೆ ಒದ್ದೆ ಬಟ್ಟೆ ಹಾಕುತ್ತ, ಹನಿ ಹನಿ ಹಾಲು ಇಳಿಸುತ್ತ ಕೂತೆವು. ಡಾಕ್ಟರಮ್ಮ ಬೇಡ ಎಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಕೂಸಿನ ಕೈಗೆ ಸಲೈನ್ ಹಚ್ಚಲು ನರ ಹುಡುಕುತ್ತಿದ್ದರು.

ಕೊನೆಗೆ ಮಿಷಿನ್ನು ಶುರುವಾಯಿತು. ಮೈಬೂಬ್ ಭಾಯ್ ಹೆಗಲ ಮೇಲಿನ ಟವೆಲ್ ತೆಗೆದರು, ಏಸಿಯ ಸರೀ ಕೆಳಗೆ ನೆಲಕ್ಕೆ ಹಾಸಿದರು, ಚಪ್ಪಲಿ ಬಿಟ್ಟು ಅಂಗಾತ ಮಲಗಿಬಿಟ್ಟರು. ಹಿಂದಿನ ರಾತ್ರಿ ಸುದ್ದಿ ಕೇಳಿ ನಿದ್ದೆ ಮಾಡಿರಲಿಲ್ಲವೋ ಏನೋ, ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು.

ಹುಲಿಗೆವ್ವ ಹೊಸ್ತಿಲಲ್ಲಿ ನಿಂತು ನೋಡಿದಳು. ಅವರ ಗಡ್ಡ ಏರಿಳಿಯುವುದನ್ನು ನೋಡಿದಳು. ಗೋಡೆ ಬುಡದ ಪೆಟ್ಟಿಗೆ ನೋಡಿದಳು, ಅದು ಸುಮ್ಮನಿತ್ತು. ಆಮೇಲೆ ಒಳಗೆ ಹೋಗಿ ಕಾಲಿನಿಂದ ಅವರ ಟವೆಲ್ ಅಂಚು ತಟ್ಟಿದಳು.

"ಏಳಪ್ಪಾ, ಸಾಕು. ಜಾಗಾ ಬಿಡು. ಕೂಸು ಮಲಗಬೇಕು."

ನನಗೆ ಆಗ ಅಳು ಬಂತು. ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಬಹಳ ಹೊತ್ತು ನಿಂತರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂಸಿನ ಮೈ ಕಾವು ಇಳಿಯಿತು. ಬಾಯಿ ತೆರೆದು ಹುಡುಕಾಡಿತು, ಎದೆಗೆ ಬಾಯಿ ಹಚ್ಚಿತು, ಎರಡು ಗುಟುಕು ಕುಡಿದು ಉಸಿರು ತಗೊಂಡು ಮತ್ತೆ ಕುಡಿಯಿತು. ದೇವಕ್ಕ ಸದ್ದಿಲ್ಲದೆ ನಗುತ್ತಿದ್ದಳು. ಹುಲಿಗೆವ್ವ ಪಟ್ಟಿ ಕಟ್ಟಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಏಸಿಯ ಕಡೆ ನೋಡುತ್ತ ಕೂತಿದ್ದಳು. ಈ ಸಲ ಅದನ್ನು ಬೈಯಲಿಲ್ಲ.

ಕೈಯಲ್ಲಿ ಏನೂ ಮಾಡಲು ಬಾರದ ಆ ದಿನಗಳಲ್ಲಿ ಆಕೆ ತಾನೇ ಒಂದು ಕೆಲಸ ಹುಡುಕಿಕೊಂಡಳು. ವಾರ್ಡಿನ ಎದುರಿಗೆ ಚಾಪೆ ಹಾಕಿ ಕೂತು, ಬಂದ ಒಬ್ಬೊಬ್ಬ ಅಜ್ಜಿಯನ್ನೂ ತಡೆದು ವಿಚಾರಿಸುತ್ತಿದ್ದಳು. "ಗಂಟಿನಾಗ ಏನೈತಿ ಬೇ? ಕಡ್ಡಿಪೆಟ್ಟಿಗಿ ಇಲ್ಲಿಡು. ಲೋಬಾನ ಬೇಕಂದ್ರ ಬೇವಿನ ಗಿಡದ ಕಡೆ ಹೋಗು, ನಾ ತೋರಸ್ತೀನಿ. ಮಿಷಿನ್ನಿನ ದೀಪ ಆರೇತಿ ಅಂತ ಮೋಸ ಹೋಗಬ್ಯಾಡ, ನಾ ಹೋಗಿದ್ದೆ." ಎಂದು ಪಟ್ಟಿ ಕಟ್ಟಿದ ಕೈ ಎತ್ತಿ ತೋರಿಸುತ್ತಿದ್ದಳು. ನಾನು ವಾರಗಟ್ಟಲೆ ಹೇಳಿದರೂ ಯಾರ ತಲೆಗೂ ಹೋಗದಿದ್ದದ್ದು ಆ ಎರಡು ಕೈ ನೋಡಿದರೆ ಹೋಗುತ್ತಿತ್ತು. ಸುಟ್ಟುಕೊಂಡವಳೇ ತನ್ನ ಮೊಮ್ಮಗಳನ್ನು ಒಳಗೆ ಮಲಗಿಸಿದ್ದಾಳೆ ಎಂದರೆ ಮಂದಿ ಇನ್ನೇನು ಕೇಳುತ್ತಾರೆ. ವಾರದೊಳಗೆ ಮಂಚಗಳು ತುಂಬಿದವು. ಬಾಗಲವಾಡದ ಒಬ್ಬ ಹೆಣ್ಣುಮಗಳು ಮಾನ್ವಿಯಲ್ಲಿ ದವಾಖಾನೆ ಇದ್ದರೂ ಬಿಟ್ಟು, ತಂಪಿನ ದವಾಖಾನೆ ಎಂದು ಹೆಸರು ಹೇಳಿಕೊಂಡು ನಮ್ಮಲ್ಲಿಗೆ ಬಂದಳು.

ಆ ಬೇಸಿಗೆ ನಮ್ಮ ವಾರ್ಡಿನಲ್ಲಿ ಒಂದು ಕೂಸೂ ಬಿಸಿಲಿಗೆ ಹೋಗಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಎದೆ ತುಂಬುತ್ತದೆ. ಡಾಕ್ಟರಮ್ಮನ ಹಟಕ್ಕೂ, ಮೈಬೂಬ್ ಭಾಯ್ ಅವರ ಗೊರಕೆಗೂ ನಾನು ಋಣಿ. ಹುಲಿಗೆವ್ವನಿಗೆ ಏನೆಂದು ಹೇಳಲಿ? ನನ್ನ ಕಾಲು ಅಂಟಿಕೊಂಡಾಗ ನನ್ನ ಪಾಲಿನ ನಡಿಗೆಯನ್ನೂ ಆಕೆ ನಡೆದಳು. ನನಗೆ ಅದನ್ನು ಆಕೆಗೆ ಸರಿಯಾಗಿ ಹೇಳಲು ಆಗಲೇ ಇಲ್ಲ.

ಅವರು ಊರಿಗೆ ಹೊರಟ ದಿನ ಮುಂಗಾರಿನ ಮೊದಲ ಮಳೆ ಹಿಡಿದಿತ್ತು, ಹೊರಗೂ ತಂಪಾಗಿತ್ತು. ಕೂಸಿನ ಕೆನ್ನೆ ತುಂಬಿಕೊಂಡಿದ್ದವು. ದೇವಕ್ಕ ಕೂಸನ್ನು ಹೊದಿಸಿಕೊಂಡು ಟಂಟಂ ಆಟೋ ಹತ್ತಿದಳು. ಹುಲಿಗೆವ್ವನ ಒಂದು ಕೈಯ ಪಟ್ಟಿ ಬಿಚ್ಚಿತ್ತು, ಅಂಗೈಯಲ್ಲಿ ಹೊಸ ತೊಗಲು ಗುಲಾಬಿ ಬಣ್ಣಕ್ಕೆ ಮಿರುಗುತ್ತಿತ್ತು. ನಾನು ಆ ಕೈ ಹಿಡಿದುಕೊಂಡೆ, ಏನೋ ಹೇಳಬೇಕೆಂದು ಬಾಯಿ ತೆರೆದೆ. ಆಕೆ ನನ್ನ ಹೆಗಲ ಮೇಲಿಂದ ಒಳಗಿನ ವಾರ್ಡನ್ನು ನೋಡುತ್ತಿದ್ದಳು, ಅಲ್ಲಿ ಸಾಲಾಗಿ ಮಲಗಿದ್ದ ಬೇರೆಯವರ ಕೂಸುಗಳನ್ನು.

"ಬಾಗಲಾ ಹಾಕ್ಕೊ ಯವ್ವಾ" ಅಂದಳು. "ನಿಂತು ಮಾತಾಡಿದ್ರ ತಂಪೆಲ್ಲಾ ಹೊರಗ ಹೋಗತದ. ಒಳಗ ಕೂಸುಗಳು ಅದಾವ."

ನಾನು ಬಾಗಿಲು ಹಾಕಿಕೊಂಡೆ.